ಐವತ್ತೊಂಬತ್ತು ಅಂಕದ ಸೀಮೆ

ಸೆಪ್ಟೆಂಬರ್ 6, ಭಾನುವಾರ

ಈ ಸೀಮೆಯ ಕಥೆಯನ್ನು ಮೊದಲು ಹೇಳಿದವನು ಒಬ್ಬ ಲಾರಿ ಡ್ರೈವರು. ಹೋದ ಬೇಸಿಗೆಯಲ್ಲಿ ಮೂರು ದಿನ ಕರೆಂಟು ಹೋಗಿತ್ತಲ್ಲ, ಆ ಮೂರನೆಯ ದಿನ ಮಧ್ಯಾಹ್ನ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದನಂತೆ. ಬೆಟ್ಟದ ಆಚೆ ಒಂದು ಸೀಮೆ ಇದೆ, ಅಲ್ಲಿ ಕರೆಂಟು ಹೋದರೂ ಯಾರಿಗೂ ಗೊತ್ತಾಗುವುದಿಲ್ಲ, ಬಂದರೂ ಗೊತ್ತಾಗುವುದಿಲ್ಲ, ಜನ ತಮ್ಮ ಪಾಡಿಗೆ ತಾವು ಉಂಡು ಮಲಗುತ್ತಾರೆ ಅಂತ. ಕೇಳಿದವರು ನಮ್ಮ ಭಾವ. ಡ್ರೈವರು ಚಹಾ ಮುಗಿಸಿ ಎದ್ದು ಹೋದ. ಕಥೆ ಮಾತ್ರ ಭಾವನ ತಲೆಯಲ್ಲೇ ಉಳಿಯಿತು.

ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತರಾದ ಮನುಷ್ಯ. ಈಗ ಲೋಕ ಕೆಡುವುದಕ್ಕೂ ಒಂದು ಟೈಮು ಗೊತ್ತು ಮಾಡಿಕೊಂಡಿದ್ದಾರೆ. ತಮ್ಮ ಕಟ್ಟಡದ ಹನ್ನೊಂದು ಸಂಸಾರಗಳನ್ನು ಕೂಡಿಸಿ 'ಸಿದ್ಧತಾ ಸಂಘ' ಕಟ್ಟಿದ್ದಾರೆ. ಎಲ್ಲರೂ ಮನೆ ಮಾರುವುದು, ಆ ಸೀಮೆಗೆ ಹೋಗುವುದು, ಮನೆಗೊಂದು ಬೇಲಿ ಹಾಕಿಕೊಂಡು, ಯಾರ ಹಂಗೂ ಇಲ್ಲದೆ ತಮ್ಮದನ್ನು ತಾವೇ ಬೆಳೆದು ತಿನ್ನುವುದು. ಸಂಘದ ತಯಾರಿ ಎಂಥದೆಂದರೆ, ಇವತ್ತು ಸಂಜೆ ಸಭೆಯ ನಡುವೆ ಐದು ನಿಮಿಷ ಕರೆಂಟು ಹೋಯಿತು. ಬೀರುವಿನಲ್ಲಿ ನಾನೂರು ಮೇಣದ ಬತ್ತಿ ಇದ್ದವು. ಬೆಂಕಿಪೊಟ್ಟಣ ಎಲ್ಲಿದೆಯೆಂದು ಒಬ್ಬರಿಗೂ ಗೊತ್ತಿರಲಿಲ್ಲ.

ಹೋಗುವ ಮುಂಚೆ ಯಾರಾದರೂ ಆ ಜಾಗವನ್ನು ಪರೀಕ್ಷೆ ಮಾಡಿ ಬರಬೇಕಲ್ಲ. "ಮೂವತ್ತೊಂದು ವರ್ಷ ಫ್ಯಾಕ್ಟರೀಲಿ ಬೋಲ್ಟು ನೋಡಿ ಪಾಸು ಫೇಲು ಮಾಡಿದೀಯ. ಒಂದು ಸೀಮೆ ನೋಡೋಕೆ ಆಗಲ್ವೇನೋ?" ಅಂದರು ಭಾವ. ಒಂದು ಫಾರಂ ಕೊಟ್ಟರು. ಹತ್ತು ತಲೆಬರಹ, ಒಂದೊಂದಕ್ಕೆ ಹತ್ತು ಅಂಕ. ಅರವತ್ತು ಬಂದರೆ ಪಾಸು; ಪಾಸಾದರೆ ಹೊಸ ವರ್ಷದ ಹೊತ್ತಿಗೆ ಎಲ್ಲರೂ ಹೊರಡುವುದು. ನಾನು ಹತ್ತು ದಿನ ಅಲ್ಲಿ ಒಂಟಿಯಾಗಿ, ಯಾರ ನೆರವೂ ಪಡೆಯದೆ ಇದ್ದು ತೋರಿಸಬೇಕು.

ಅಡುಗೆಮನೆಗೆ ನೀರು ಕುಡಿಯಲು ಹೋದಾಗ ಅಕ್ಕ ನನ್ನ ತೋಳು ಹಿಡಿದಳು.

"ಫೇಲ್ ಮಾಡಿ ಬಾ."

"ನೋಡದೇನೇ?"

"ಹತ್ತೊಂಬತ್ತು ವರ್ಷದಿಂದ ಆ ಕಿಟಕಿ ಹತ್ರ ಮಿಷನ್ನಿಟ್ಕೊಂಡು ಹೊಲೀತಿದೀನಿ. ಈ ಓಣಿ ಹೆಂಗಸರ ಅಳತೆಯೆಲ್ಲ ನನ್ನ ತಲೇಲಿದೆ. ಅಲ್ಲಿ ಹೋಗಿ ಯಾರಿಗೆ ಹೊಲೀಲಿ, ಎಮ್ಮೆಗಾ? ಇವರು ಬೇಲಿ ಒಳಗೆ ಕೂತು ಕೋಟೆ ಕಾಯ್ತಾರೆ. ನಾನು ಯಾರ ಮುಖ ನೋಡಲಿ?"

ನೋಡುತ್ತೇನೆ ಅಂದೆ. "ನೋಡೋದಲ್ಲ, ಮಾತು ಕೊಡು" ಅಂದಳು. ಕೊಟ್ಟೆ. ಕೊಡುವುದಕ್ಕೆ ಕಷ್ಟವೇನೂ ಆಗಲಿಲ್ಲ. ನಾನು ನೋಡಿದ ವಸ್ತುಗಳಲ್ಲಿ ಹೆಚ್ಚಿನವು ಫೇಲಾಗುವಂಥವೇ.

ಹೊರಡುವಾಗ ಎದುರು ಮನೆಯ ಬಾಗಿಲು ತೆರೆಯಿತು. ಅಕ್ಕ ಮುಖ ತಿರುಗಿಸಿದಳು. ಆ ಮನೆಯಾಕೆ ಆರು ವರ್ಷದ ಹಿಂದೆ ಅಕ್ಕನ ದೊಡ್ಡ ಕತ್ತರಿ ತೆಗೆದುಕೊಂಡು ಹೋದವಳು ಹಿಂದಕ್ಕೆ ಕೊಟ್ಟಿಲ್ಲ. ಅವತ್ತಿನಿಂದ ಇವಳು ಮಾತು ಬಿಟ್ಟಿದ್ದಾಳೆ. ಯಾರ ಮುಖ ನೋಡಲಿ ಅಂತ ಈಗ ತಾನೇ ಅಂದವಳು.

ಸೆಪ್ಟೆಂಬರ್ 9, ಬುಧವಾರ

ಬಂದು ಬಿದ್ದಿದ್ದೇನೆ. ಎರಡು ಬಸ್ಸು, ಆಮೇಲೆ ಒಂದು ಟ್ರಾಕ್ಟರು. ಸೀಮೆ ಅಂದರೆ ಒಂಬತ್ತು ಹಳ್ಳಿ, ಒಂದು ಕಾಲುವೆ, ಒಂದು ಅಂಚೆ ಕಚೇರಿ, ಒಂದು ಹಿಟ್ಟಿನ ಗಿರಣಿ. ಲಾರಿ ಡ್ರೈವರಿಗೆ ಇದೇ ಸ್ವರ್ಗ. ಅವನು ಇಳಿದು ನೋಡಿರಲಿಕ್ಕಿಲ್ಲ.

ನನಗೆ ಸಿಕ್ಕಿರುವುದು ಗಿರಣಿಯ ಪಕ್ಕದ ಖಾಲಿ ಮನೆ. ಎರಡು ಕೋಣೆ, ಶೀಟಿನ ಮಾಡು, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು. ಬಾಗಿಲಿಗೆ ಬೀಗ ಹಾಕಲು ಕೊಂಡಿಯೇ ಇರಲಿಲ್ಲ. ನಾನೇ ತಂದ ಕೊಂಡಿ ಬಡಿದು ನನ್ನ ಹಿತ್ತಾಳೆಯ ಬೀಗ ಹಾಕಿದೆ. ಫ್ಯಾಕ್ಟರಿಯಲ್ಲಿ ನನ್ನ ಕಪಾಟು ಕಾದ ಬೀಗ ಅದು.

ಗಿರಣಿ ನಡೆಸುವವಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅರವತ್ತು ದಾಟಿರಬೇಕು, ದಪ್ಪ ಹೆಂಗಸು, ಹುಬ್ಬಿನ ಮೇಲೆಲ್ಲ ಹಿಟ್ಟು. ಗಿರಣಿಯಮ್ಮ ಅನ್ನುತ್ತಾರೆ.

"ಒಳಗೆ ಚಿನ್ನ ಇಟ್ಟಿದೀರಾ?"

"ಇಲ್ಲ, ಅಭ್ಯಾಸ."

"ಮತ್ತೆ ಯಾರಾದ್ರೂ ಬಂದ್ರೆ ಒಳಗೆ ಹೋಗೋದು ಹೆಂಗೆ?"

"ಹೋಗಬಾರದು ಅಂತಾನೇ ಬೀಗ."

ಆಕೆಗೆ ಅರ್ಥವಾದಂತೆ ಕಾಣಲಿಲ್ಲ. ಬುದ್ಧಿವಂತಿಕೆಗೆ ಫಾರಮಿನಲ್ಲಿ ತಲೆಬರಹ ಇಲ್ಲ. ಇದ್ದಿದ್ದರೆ ಈ ಊರು ಇವತ್ತೇ ಫೇಲು.

ಸೆಪ್ಟೆಂಬರ್ 10, ಗುರುವಾರ

ಸಂಘದವರು ಕಟ್ಟಿಕೊಟ್ಟ ಸಾಮಾನಿನ ಪಟ್ಟಿಯಲ್ಲಿ ನೂರ ನಲವತ್ತೆರಡು ಬಾಬತ್ತುಗಳಿವೆ. ದಿಕ್ಸೂಚಿ ಇದೆ. ಹೊಗೆ ಕಾರುವ ಬಾಣ ಇದೆ, ಯಾರಿಗೆ ತೋರಿಸಲೋ. ಸೀಮೆಎಣ್ಣೆ ಸ್ಟೌ ಇದೆ, ಐದು ಲೀಟರು ಸೀಮೆಎಣ್ಣೆಯೂ ಇದೆ. ಸ್ಟೌ ಪಿನ್ನು ಇಲ್ಲ! ಬರ್ನರು ಕಟ್ಟಿಕೊಂಡಿತು. ಹೊಲಿಗೆ ಸೂಜಿ ಹಾಕಿ ನೋಡಿದೆ, ದಪ್ಪ. ಬೆಳಿಗ್ಗೆ ಒಣ ಅವಲಕ್ಕಿ. ಮಧ್ಯಾಹ್ನವೂ ಒಣ ಅವಲಕ್ಕಿ.

ಮೂರು ಗಂಟೆಗೆ ಗಿರಣಿಯಮ್ಮ ಗೋಡೆಯ ಆಚೆಯಿಂದಲೇ ಕೂಗಿದಳು: "ಏನ್ರೀ, ಆಗಲಿಂದ ಸ್ಟೌಗೆ ಬೈತಿದೀರಲ್ಲ, ಪಿನ್ನಿಲ್ವಾ?" ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದ ಪಿನ್ನನ್ನು ಕಿತ್ತು ತಂದುಕೊಟ್ಟಳು. ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಅಲ್ಲೇ ಇರಲಿ. ಬೇಕಾದವರು ಬಂದು ತಗೊಂಡು ಹೋಗ್ತಾರೆ."

ಸಂಜೆ ಐದೂವರೆಗೆ ಮುಖ ಪರಿಚಯವಿಲ್ಲದ ಒಬ್ಬ ಬಂದು, "ಪಿನ್ನು ನಿಮ್ಮಲ್ಲಿದೆಯಂತೆ" ಎಂದು ಕೈ ಚಾಚಿದ. ಗುರುತಿಲ್ಲ, ಚೀಟಿಯಿಲ್ಲ, ಸಹಿಯಿಲ್ಲ. ಕೊಟ್ಟೆ. ಕೊಡದೆ ಏನು ಮಾಡಲಿ, ನನ್ನದೇನೂ ಅಲ್ಲವಲ್ಲ.

ಯಾರ ನೆರವೂ ಇಲ್ಲದ ಹತ್ತು ದಿನಗಳ ಪರೀಕ್ಷೆ ಒಂದೂವರೆ ದಿನಕ್ಕೆ ಮುಗಿಯಿತು. ಇದನ್ನು ಭಾವನಿಗೆ ಹೇಳುವುದಿಲ್ಲ.

ಸೆಪ್ಟೆಂಬರ್ 13, ಭಾನುವಾರ

ಮೂರು ದಿನ ಒಂಬತ್ತೂ ಹಳ್ಳಿ ಸುತ್ತಿದೆ. ಮಣ್ಣು ಕೆದಕಿದೆ, ನೀರು ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದೆ, ಸೌದೆ ಎಣಿಸಿದೆ. ನನ್ನ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ.

ಈ ಸೀಮೆಯಲ್ಲಿ ಪೂರ್ತಿ ಅನ್ನುವ ಮನೆ ಒಂದೂ ಇಲ್ಲ. ಒಂದು ಮನೆಯಲ್ಲಿ ಹಸು ಇದೆ, ಮೊಸರು ಕಡೆಯುವ ಕೋಲು ಇಲ್ಲ. ಇನ್ನೊಂದರಲ್ಲಿ ಗರಗಸ ಇದೆ, ಅದನ್ನು ಮಸೆಯುವ ಅರ ನಾಲ್ಕನೆಯ ಹಳ್ಳಿಯಲ್ಲಿದೆ. ನಮ್ಮ ಈ ಹಳ್ಳಿಗೆಲ್ಲ ಒಂದೇ ಏಣಿ, ಒಂದೇ ತಾಡಪಾಲು, ಒಂದೇ ದೊಡ್ಡ ಕೊಪ್ಪರಿಗೆ. ಅವೂ ಒಡೆಯನ ಮನೆಯಲ್ಲಿ ಇರುವುದಿಲ್ಲ! ಯಾರು ಕೊನೆಗೆ ಬಳಸಿದರೋ ಅವರಲ್ಲೇ ಬಿದ್ದಿರುತ್ತವೆ. ಹಿಂದಕ್ಕೆ ತಂದುಕೊಡುವ ಪದ್ಧತಿಯೇ ಇಲ್ಲ. ಬೇಕಾದವನು ಎಲ್ಲಿದೆಯೆಂದು ಕೇಳಿಕೊಂಡು ಹೋಗಿ ಎತ್ತಿಕೊಂಡು ಬರುತ್ತಾನೆ. ಹೀಗೆ ಆ ಕೊಪ್ಪರಿಗೆ ಎರಡು ವರ್ಷದಿಂದ ತನ್ನ ಮನೆಯನ್ನೇ ನೋಡಿಲ್ಲವಂತೆ. ನಮ್ಮ ಫ್ಯಾಕ್ಟರಿಯಲ್ಲಿ ಒಂದು ಸ್ಪ್ಯಾನರು ಕಾಣದಿದ್ದರೆ ಮೂರು ಜನಕ್ಕೆ ನೋಟಿಸು ಹೋಗುತ್ತಿತ್ತು.

ಸೋಮಾರಿತನಕ್ಕೆ ಇವರು ಕೊಟ್ಟುಕೊಂಡ ಹೆಸರು ಏನೋ ಗೊತ್ತಿಲ್ಲ. ಇವರನ್ನು ಸ್ವಾವಲಂಬಿಗಳು ಅಂದ ಡ್ರೈವರಿಗೆ ಲೈಸೆನ್ಸು ಕೊಟ್ಟವರು ಯಾರು?

ಸೆಪ್ಟೆಂಬರ್ 15, ಮಂಗಳವಾರ

ಮೊದಲ ಆರು ತಲೆಬರಹಗಳಿಗೆ ಅಂಕ ಹಾಕಿದೆ. ನೀರು ಒಂಬತ್ತು, ಮಣ್ಣು ಎಂಟು, ಸೌದೆ ಒಂಬತ್ತು, ಹೆದ್ದಾರಿಯಿಂದ ದೂರ ಒಂಬತ್ತು, ದಾಸ್ತಾನಿಗೆ ಜಾಗ ಎಂಟು, ಗಾಳಿ ಬಿಸಿಲು ಎಂಟು. ಒಟ್ಟು ಐವತ್ತೊಂದು.

ಇದಾಗಬಾರದಿತ್ತು. ಜನ ಅಡ್ಡಾದಿಡ್ಡಿಯಾದರೂ ನೆಲ ಒಳ್ಳೆಯದು, ನಾನೇನು ಮಾಡಲಿ. ಕಾಲುವೆಯ ನೀರನ್ನು ಕೆಟ್ಟದ್ದು ಎಂದು ಬರೆಯಲು ಕೈ ಬರಲಿಲ್ಲ.

ಫೋನಿಗೆ ಸಿಗ್ನಲ್ಲು ಬರುವುದು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮಾತ್ರ. ಅಕ್ಕ ಕಾಯುತ್ತಿದ್ದಳು.

"ಎಷ್ಟಾಯ್ತು?"

"ಆರಕ್ಕೆ ಐವತ್ತೊಂದು."

ಮಿಷನ್ನು ನಿಂತ ಸದ್ದು ಕೇಳಿಸಿತು. "ಇನ್ನು ಒಂಬತ್ತು ಬಂದ್ರೆ ನಾನು ಗಂಟು ಕಟ್ಟಬೇಕು. ನೀನು ನನ್ನ ತಮ್ಮನೋ, ಅವರ ತಮ್ಮನೋ?"

"ಇನ್ನೂ ನಾಲ್ಕು ತಲೆಬರಹ ಇದೆಯಲ್ಲ ಅಕ್ಕ. ರಿಪೇರಿ, ರಕ್ಷಣೆ, ಔಷಧ, ಸ್ವಾವಲಂಬನೆ. ಅವುಗಳಲ್ಲಿ ಈ ಊರು ಬಾಯಿ ಬಿಡುತ್ತೆ, ನೋಡ್ತಿರು."

"ಇವರು ಆಗಲೇ ಮನೆ ನೋಡೋಕೆ ಜನ ಕರೆಸ್ತಿದಾರೆ ಕಣೋ. ನಿನ್ನೆ ಒಬ್ಬ ಬಂದು ನನ್ನ ಕಿಟಕಿ ಅಳತೆ ತಗೊಂಡು ಹೋದ."

ಅಂಚೆ ಹಂಚುವ ಹೆಂಗಸು ಪಕ್ಕದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತ ಎಲ್ಲ ಕೇಳಿಸಿಕೊಂಡಳು. ಊರಿಗೆಲ್ಲ ಅವಳು ಅಂಚೆಯಕ್ಕ. "ಮಾರ್ಕು ಹಾಕೋಕೆ ಬಂದಿದೀರಾ? ನಮಗೇನು ಬಂತು?" ಅಂದಳು. ಇನ್ನೂ ಮುಗಿದಿಲ್ಲ ಅಂದೆ. ಸಂಜೆಯೊಳಗೆ ನನಗೆ ಊರೆಲ್ಲ 'ಮಾರ್ಕಪ್ಪ' ಎಂದು ಹೆಸರಿಟ್ಟಾಗಿತ್ತು. ಪತ್ರಕ್ಕಿಂತ ಬೇಗ ಹಂಚುತ್ತಾಳೆ.

ಸೆಪ್ಟೆಂಬರ್ 17, ಗುರುವಾರ

ನಿನ್ನೆ ಮಳೆ. ಹಾಸಿಗೆಯ ಮೇಲೆ ಸೋರಿತು. ಏಣಿ ಬೇಕಾಯಿತು. ಏಣಿಯ ಒಡೆಯ ಬಡಗಿ, ಕಾಲುವೆಯ ಆಚೆ ಒಂಟಿ ಮನೆ. ಆದರೆ ಏಣಿ ಅಂಚೆಯಕ್ಕನ ಮನೆಯಲ್ಲಿದೆ ಅಂತ ಗಿರಣಿಯಮ್ಮ ಕೂತಲ್ಲಿಂದಲೇ ಹೇಳಿದಳು. ಅಲ್ಲಿಗೆ ಹೋದರೆ ಚಹಾ. ಏಣಿ ಹೊತ್ತು ಬರುವಾಗ ದಾರಿಯಲ್ಲಿ ಒಬ್ಬೊಬ್ಬರೂ ನಿಲ್ಲಿಸಿ ಕೇಳುವವರೇ.

"ಓಹೋ, ಏಣಿ ಈಗ ಮಾರ್ಕಪ್ಪನ ಮನೆಗಾ?"

"ಎಲ್ಲಿ ಸೋರ್ತಿದೆ? ಮೂಲೇಲಾ? ಅದು ಹಳೇ ತೂತು, ಮುಂಚೆ ಆ ಮನೇಲಿ ಮೇಷ್ಟ್ರು ಇದ್ದಾಗ್ಲೂ ಸೋರ್ತಿತ್ತು."

ಹದಿನೈದು ನಿಮಿಷದ ದಾರಿಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಸಮಯದ ಬೆಲೆ ತಿಳಿಯದ ಜನ. ಶೀಟಿನ ತೂತು ಮುಚ್ಚಿದೆ.

ಸೆಪ್ಟೆಂಬರ್ 19, ಶನಿವಾರ

ಇವತ್ತಿಗೆ ಹತ್ತು ದಿನ ಮುಗಿಯಿತು. ಹೋಗುವ ಮುಂಚೆ ಈ ಊರಿಗೆ ಒಂದು ಪಾಠ ಕಲಿಸಿದ್ದೇನೆ.

ಬೆಳಕು ಹರಿಯುವಾಗಲೇ, ಯಾರೂ ಅಡ್ಡ ಬಂದು ಮಾತಾಡಿಸದ ಹೊತ್ತು ನೋಡಿ, ಏಣಿಯನ್ನು ಹೊತ್ತು ಕಾಲುವೆ ದಾಟಿ ಬಡಗಿಯ ಕೊಟ್ಟಿಗೆಗೆ ಮುಟ್ಟಿಸಿದೆ. ವಸ್ತು ಅದರ ಒಡೆಯನ ಬಳಿ ಇರಬೇಕು. ಬಡಗಿ ಎಲ್ಲೋ ಕಿಟಕಿ ಕೂರಿಸುವ ಕೆಲಸಕ್ಕೆ ಹೋಗಿದ್ದಾನಂತೆ, ಬರುವುದು ಒಂದು ವಾರ. ಕೊಟ್ಟಿಗೆಗೆ ಬಾಗಿಲಿಲ್ಲ. ಬಿಟ್ಟು ಬರಲು ಮನಸ್ಸಾಗದೆ ಅಲ್ಲೇ ಇದ್ದ ಸರಪಳಿಯಿಂದ ಏಣಿಯನ್ನು ಕಂಬಕ್ಕೆ ಬಿಗಿದು ನನ್ನ ಹಿತ್ತಾಳೆಯ ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲಿದೆ. ಬಡಗಿ ಬಂದ ಮೇಲೆ ಕೊಡುತ್ತೇನೆ. ಅದಕ್ಕೋಸ್ಕರ ಇನ್ನೊಂದು ವಾರ ಇರಬೇಕಾಗಿದೆ. ಇರಲಿ.

ಈ ಸೀಮೆಯ ಚರಿತ್ರೆಯಲ್ಲಿ ಎರವಲು ತಂದ ವಸ್ತುವನ್ನು ಹಿಂದಿರುಗಿಸಿದ ಮೊದಲ ಮನುಷ್ಯ ನಾನೇ ಇರಬೇಕು.

ಸೆಪ್ಟೆಂಬರ್ 21, ಸೋಮವಾರ

ಬರೆಯಲು ಆಗುತ್ತಿಲ್ಲ.

ಗಿರಣಿಯಮ್ಮ ಬದುಕಿದ್ದಾರೆ.

ಸೆಪ್ಟೆಂಬರ್ 22, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಫ್ಯಾಕ್ಟರಿಯಲ್ಲಿ ಅಪಘಾತವಾದಾಗಲೂ ಹಾಗೇ ಮಾಡುತ್ತಿದ್ದೆವು.

ಗಿರಣಿಯ ಹಿಂದೆ ನೆಲದೊಳಗೆ ಒಂದು ನೀರಿನ ತೊಟ್ಟಿ ಇದೆ. ಹನ್ನೆರಡು ಅಡಿ ಆಳ. ಗಿರಣಿಯ ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ಕೊಳವೆಯಲ್ಲಿ ಅದಕ್ಕೆ ಇಳಿಯುತ್ತದೆ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಗಿರಣಿಯಮ್ಮ ತಳದ ಕೆಸರು ಬಳಿಯಲು ಇಳಿದಿದ್ದಾರೆ. ಇಳಿಯಲು ಗೋಡೆಗೆ ಕಬ್ಬಿಣದ ಹಿಡಿಕೆಗಳನ್ನು ಹೂಳಿದ್ದಾರೆ. ತುಕ್ಕು ಹಿಡಿದಿದ್ದ ಎರಡು ಒಟ್ಟಿಗೆ ಕಿತ್ತು ಬಂದವು. ಬಿದ್ದು ಕಾಲಿನ ಮೂಳೆ ಸರಿಯಿತು. ಅಷ್ಟರಲ್ಲಿ ಮಳೆ ಶುರುವಾಯಿತು.

ಅವರ ಸೊಸೆ ಮೊದಲು ಓಡಿ ಬಂದದ್ದು ನನ್ನ ಮನೆಗೆ.

"ಏಣಿ ಕೊಡಿ, ಬೇಗ, ಅತ್ತೆ ತೊಟ್ಟೀಲಿ ಬಿದ್ದವ್ರೆ!"

"ಏಣಿ ಇಲ್ವಲ್ಲ. ಕೊಟ್ಬಿಟ್ಟೆ."

"ಯಾರು ತಗೊಂಡು ಹೋದ್ರು?"

"ಯಾರೂ ಇಲ್ಲ. ನಾನೇ ಹೋಗಿ ಬಡಗಿ ಮನೇಲಿ ಇಟ್ಟು ಬಂದೆ."

ಆ ಹುಡುಗಿ ನನ್ನ ಮುಖ ನೋಡಿದ ರೀತಿ ಮರೆಯುವುದಿಲ್ಲ. ಸಿಟ್ಟಲ್ಲ ಅದು. ಅರ್ಥವೇ ಆಗದವಳ ಹಾಗೆ ನಿಂತಳು. "ಬಡಗಿ ಊರಲ್ಲೇ ಇಲ್ಲ. ಅವರಿಗ್ಯಾಕೆ ಏಣಿ?" ಅಂದಳು.

ಅಂಚೆಯಕ್ಕ ಸೈಕಲ್ಲಿನಲ್ಲಿ ಬಂದವರು, ನಾನು ಹೋಗಿ ತರುತ್ತೇನೆ ಅಂದರು. ಆಗ ಹೇಳಬೇಕಾಯಿತು, ಬೀಗ ಹಾಕಿದ್ದೇನೆ ಅಂತ. ಅವರು ಸೈಕಲ್ಲಿನ ಕ್ಯಾರಿಯರು ತೋರಿಸಿದರು. ಕೂತೆ. ಅರವತ್ತೊಂದು ವರ್ಷದವನನ್ನು ಹಿಂದೆ ಕೂರಿಸಿಕೊಂಡು ಆ ಕೆಸರಿನಲ್ಲಿ ಕಾಲುವೆಯ ಏರಿಯ ತನಕ ತುಳಿದರು. ಅಲ್ಲಿಂದ ಓಡಿದೆವು. ಒದ್ದೆ ಕೈಗೆ ಬೀಗದ ಕೈ ಸಿಗಲಿಲ್ಲ, ಜೇಬನ್ನೇ ಹರಿದೆ. ಒಳ್ಳೆಯ ಬೀಗ. ಮೂರು ಸಲ ತಿರುಗಿಸಿದರೂ ಬಿಡಲಿಲ್ಲ, ನಾಲ್ಕನೆಯ ಸಲ ಬಿಟ್ಟಿತು.

ಏಣಿಯ ಒಂದು ತುದಿ ಅವರ ಹೆಗಲಿಗೆ, ಒಂದು ತುದಿ ನನ್ನ ಹೆಗಲಿಗೆ. ಹಿಂದಿರುಗುವ ಹೊತ್ತಿಗೆ ಒಟ್ಟು ಮೂವತ್ತೈದು ನಿಮಿಷ ಆಗಿತ್ತು. ತೊಟ್ಟಿಯ ಸುತ್ತ ಊರೇ ಇತ್ತು. ಕೊಳವೆಯ ಬಾಯಿಗೆ ಗೋಣಿ ತುರುಕಿದ್ದರು, ಅರ್ಧ ನೀರು ಆಚೆ, ಅರ್ಧ ಒಳಗೆ. ಹಗ್ಗ ಕಟ್ಟಿ ಎಳೆದು ನೋಡಿದ್ದರು, ಕಾಲೂರಲಾಗದೆ ಅವರು ಗೋಡೆಗೆ ಬಡಿದುಕೊಂಡದ್ದರಿಂದ ನಿಲ್ಲಿಸಿದ್ದರು. ನೀರು ಎದೆಯ ಮೇಲಕ್ಕೆ ಬಂದಿತ್ತು. ಸೊಸೆ ಬೋರಲು ಮಲಗಿ ಹಗ್ಗ ಹಿಡಿದು ಅತ್ತೆಯ ತಲೆ ಮೇಲಿರುವಂತೆ ನೋಡಿಕೊಳ್ಳುತ್ತಿದ್ದಳು, ಅವಳ ಕಾಲನ್ನು ಇಬ್ಬರು ಹಿಡಿದಿದ್ದರು. ಏಣಿ ಇಳಿಸಿದೆವು. ನಾನೇ ಇಳಿದೆ. ಬೇರೆಯವರು ಇಳಿಯುವುದಾಗಿ ಹೇಳಿದರು, ಕೇಳಲಿಲ್ಲ.

ಕತ್ತಿನವರೆಗೆ ನೀರಿನಲ್ಲಿ ನಿಂತು ಆ ಹೆಂಗಸು ನನ್ನನ್ನು ನೋಡಿ ಹೇಳಿದ್ದು ಇಷ್ಟು: "ಬಂದ್ರಾ ಮಾರ್ಕಪ್ಪ? ಬೀಗ ಹಾಕಿ ಬಂದ್ರಾ, ತೆಗೆದೇ ಬಂದ್ರಾ?"

ಒಂದೊಂದೇ ಮೆಟ್ಟಿಲಿಗೆ ಅವರ ಕಾಲೆತ್ತಿಟ್ಟು ಮೇಲೆ ತಂದೆವು.

ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಆ ಉತ್ತರವನ್ನು ನಿನ್ನೆಯಿಂದ ಮನಸ್ಸಿನಲ್ಲೇ ತಿದ್ದುತ್ತಿದ್ದೇನೆ, ಸರಿಯಾಗುತ್ತಿಲ್ಲ.

ಸೆಪ್ಟೆಂಬರ್ 24, ಗುರುವಾರ

ಗಿರಣಿಯಮ್ಮನ ಕಾಲಿಗೆ ಪಟ್ಟಿ ಕಟ್ಟಿದ್ದಾರೆ. ವಾರಕ್ಕೆ ಎರಡು ದಿನ ಬರುವ ನರ್ಸು, ಇನ್ನು ಮೂರು ವಾರ ನೆಲಕ್ಕೆ ಊರಬಾರದು ಅಂದಿದ್ದಾಳೆ. ಗಿರಣಿ ನಿಲ್ಲುವ ಹಾಗಿಲ್ಲ. ಒಂಬತ್ತು ಹಳ್ಳಿಯ ಕಾಳು ಇಲ್ಲಿಗೇ ಬರಬೇಕು. ಬೆಲ್ಟು ನೋಡಿದೆ, ಸಡಿಲವಾಗಿ ಜಾರುತ್ತಿತ್ತು. ಬೇರಿಂಗಿಗೆ ಗ್ರೀಸು ಕಂಡು ಎಷ್ಟು ಕಾಲವಾಯಿತೋ. ನಿರ್ವಹಣೆ ಅಂದರೇನೆಂದೇ ಗೊತ್ತಿಲ್ಲದವರು. ಬೆಳಿಗ್ಗೆಯಿಂದ ಸಂಜೆಯ ತನಕ ನಾನೇ ನಡೆಸಿದೆ, ಬೇರೆ ದಾರಿ ಇರಲಿಲ್ಲ.

ಗಿರಣಿಯಮ್ಮ ಕುರ್ಚಿ ಹಾಕಿಸಿಕೊಂಡು ಕೂತು ತಪ್ಪು ಎಣಿಸುತ್ತಾರೆ. "ಮಾರ್ಕಪ್ಪ, ಹಿಟ್ಟು ದಪ್ಪ ಬರ್ತಿದೆ, ನಿಮಗೆ ಹತ್ತಕ್ಕೆ ನಾಲ್ಕು." ಸಂಜೆಗೆ ಆರಕ್ಕೆ ಏರಿಸಿದರು.

ಫಾರಮು ಎಲ್ಲಿಟ್ಟೆನೋ ನಾಳೆ ಹುಡುಕಬೇಕು.

ಸೆಪ್ಟೆಂಬರ್ 27, ಭಾನುವಾರ

ಬಡಗಿ ಬಂದ. ತನ್ನ ಕೊಟ್ಟಿಗೆಯಲ್ಲಿ ಏಣಿ ಇತ್ತು ಎಂದು ಕೇಳಿ ಹೊಟ್ಟೆ ಹಿಡಿದು ನಕ್ಕ. "ನನ್ನ ಮನೇಲಿ ಏಣಿ ಇದ್ದು ಎಷ್ಟು ವರ್ಷ ಆಯ್ತು ಗೊತ್ತಾ? ನಾನೇ ಬೇಕಾದಾಗ ಕೇಳ್ಕೊಂಡು ಬರ್ತೀನಿ." ತೊಟ್ಟಿಗೆ ಹೊಸ ಹಿಡಿಕೆ ಹಾಕಲು ಬಂದವನು ಡ್ರಿಲ್ಲನ್ನು ಎರಡನೆಯ ಹಳ್ಳಿಯಿಂದ ತಂದಿದ್ದ. ಬಿಟ್ಟು ಹೋದ. ಈಗ ಅದು ನನ್ನ ಮನೆಯಲ್ಲಿದೆ. ಜೊತೆಗೆ ಒಂದು ಹಾರೆ, ಯಾರದೋ ಕೊಡೆ, ಮತ್ತೆ ಆ ಸ್ಟೌ ಪಿನ್ನು. ನನ್ನ ಟಾರ್ಚು ನಾಲ್ಕು ದಿನದಿಂದ ಕಾಣುತ್ತಿಲ್ಲ. ಅಂಚೆಯಕ್ಕನ ಓರಗಿತ್ತಿಯ ಮನೆಯಲ್ಲಿ ಇದೆಯಂತೆ.

ಗಿರಣಿಯ ತಕ್ಕಡಿಗೆ ಕಾಲು ಕಿಲೋ ತೂಕದ ಕಲ್ಲು ಯಾವಾಗಲೋ ಕಳೆದುಹೋಗಿದೆ. ಗಿರಣಿಯಮ್ಮ ನನ್ನ ಹಿತ್ತಾಳೆಯ ಬೀಗವನ್ನು ತಟ್ಟೆಯಲ್ಲಿಟ್ಟು ನೋಡಿ, "ಸರಿಯಾಗಿ ಕಾಲು ಕಿಲೋ! ಇಷ್ಟು ದಿನ ಇದನ್ನ ಬಾಗಿಲಿಗೆ ನೇತಾಕಿದ್ರಲ್ಲ" ಅಂದರು. ಸರಿಯಾಗಿ ಇಲ್ಲ. ನಾನು ಆಮೇಲೆ ತೂಗಿ ನೋಡಿದೆ, ನಾಲ್ಕು ಗ್ರಾಂ ಕಡಿಮೆ. ಹೇಳಲಿಲ್ಲ. ನಾಲ್ಕು ಗ್ರಾಮಿಗೆ ಏನಾಗುತ್ತದೆ.

ಅಕ್ಕನ ಫೋನು. ಭಾವ ಮನೆ ಕೊಳ್ಳುವವನನ್ನು ಗೊತ್ತು ಮಾಡಿದ್ದಾರೆ, ನನ್ನ ಅಂಕಕ್ಕೆ ಕಾಯುತ್ತಿದ್ದಾರೆ. "ಮಾತು ಮರೆತ್ಯಾ?" ಅಂದಳು. ಇಲ್ಲ ಅಂದೆ. ಅಂಚೆ ಕಚೇರಿಯ ಮೆಟ್ಟಿಲ ತನಕ ಬರುವ ಗಿರಣಿಯ ಸದ್ದು ಕೇಳಿ, "ಅದೇನೋ ಗಡಗಡ?" ಅಂದಳು. ಬೆಲ್ಟು ಇನ್ನೂ ಸರಿ ಕೂತಿಲ್ಲ ಅಂತ ವಿವರಿಸಿದೆ.

ಅಕ್ಟೋಬರ್ 1, ಗುರುವಾರ

ಫಾರಮು ಹಿಟ್ಟಿನ ಡಬ್ಬದ ಕೆಳಗೆ ಸಿಕ್ಕಿತು. ಉಳಿದ ನಾಲ್ಕಕ್ಕೆ ಅಂಕ ಹಾಕಲು ಬೆಳಿಗ್ಗೆ ಕೂತೆ.

ಒಂದು ಹೆದರಿಕೆ ಇತ್ತು. ಅಕ್ಕನಿಗೆ ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಮೂವತ್ತೊಂದು ವರ್ಷದಲ್ಲಿ ಒಳ್ಳೆಯ ಬೋಲ್ಟಿಗೆ ಒಂದು ಸಲವೂ ಕೆಟ್ಟದ್ದೆಂಬ ಮುದ್ರೆ ಒತ್ತಿದವನಲ್ಲ ನಾನು. ಸುಳ್ಳು ಬರೆಯಬೇಕಾಗಿ ಬಂದರೆ ಹೇಗೆ ಎಂದು ಎರಡು ದಿನ ಊಟ ಸೇರಿರಲಿಲ್ಲ. ಬರೆಯಬೇಕಾಗಿ ಬರಲಿಲ್ಲ. ಪ್ರಶ್ನೆಗಳನ್ನೇ ಸರಿಯಾಗಿ ಓದಿದೆ.

ರಿಪೇರಿ: 'ಪ್ರತಿ ಮನೆಯಲ್ಲೂ ಪೂರ್ಣ ಸಲಕರಣೆ ಇದೆಯೇ?' ಒಂದರಲ್ಲೂ ಇಲ್ಲ. ಬಡಗಿಯ ಕೈಚಳಕಕ್ಕೆಂದು ಮೂರು.

ಔಷಧ: ನರ್ಸು ಎರಡು ದಿನ. ನಾಲ್ಕು.

ರಕ್ಷಣೆ: 'ಬೇಲಿ, ಬೀಗ, ಕಾವಲು?' ಬೇಲಿ ದನ ತಡೆಯುವಷ್ಟು. ಇಡೀ ಹಳ್ಳಿಯಲ್ಲಿದ್ದ ಒಂದೇ ಬೀಗ ಈಗ ತಕ್ಕಡಿಯಲ್ಲಿದೆ. ಸೊನ್ನೆ.

ಸ್ವಾವಲಂಬನೆ: 'ಒಂದು ಮನೆ ಹೊರಗಿನವರ ನೆರವಿಲ್ಲದೆ ಎಷ್ಟು ದಿನ ಬದುಕಬಲ್ಲದು? ದಿನಕ್ಕೊಂದು ಅಂಕ.' ಒಂದೂವರೆ ದಿನ, ನಾನೇ ಸಾಕ್ಷಿ. ಅರ್ಧ ಅಂಕ ಕೊಡಲು ಫಾರಮಿನಲ್ಲಿ ಜಾಗವಿಲ್ಲ. ಒಂದು.

ಒಟ್ಟು ಐವತ್ತೊಂಬತ್ತು. ಎರಡು ಸಲ ಕೂಡಿದೆ.

ಸಂಜೆ ಅಂಚೆಯಕ್ಕ ಕೇ​ಳಿದರು: "ಪಾಸಾದ್ವಾ?"

"ಫೇಲು."

"ಒಂದೊಳ್ಳೇದಾಯ್ತು. ಪಾಸಾಗಿದ್ರೆ ಆ ಹನ್ನೊಂದು ಮನೆಯವರು ಬರ್ತಿದ್ರಲ್ಲ?" ಅಂದರು. ಗಿರಣಿಯಮ್ಮ ಮಾತ್ರ ತಕರಾರು ತೆಗೆದರು: "ಬರಲಿ ಬಿಡಿ. ನಾನೂರು ಮೇಣದ ಬತ್ತಿ ಇದೆ ಅಂದ್ರಲ್ಲ. ಒಬ್ಬೊಬ್ರಾಗಿ ತಂದ್ಕೋಬಹುದಿತ್ತು."

ನಾಳೆ ಹೊರಡುತ್ತೇನೆ. ಬೆಲ್ಟನ್ನು ಸೊಸೆಗೆ ತೋರಿಸಿಕೊಟ್ಟಿದ್ದೇನೆ. ಹತ್ತಕ್ಕೆ ಎಂಟು.

ಅಕ್ಟೋಬರ್ 4, ಭಾನುವಾರ

ಸಭೆ ಸಂಜೆ ನಾಲ್ಕಕ್ಕೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಹನ್ನೊಂದು ಸಂಸಾರದವರೂ ಬಂದಿದ್ದರು. ಅಕ್ಕ ಕಿಟಕಿಯ ಬಳಿ ಮಿಷನ್ನಿನ ಮುಂದೆ ಕೂತು, ಯಾವುದೋ ರವಿಕೆಗೆ ತೋಳು ಕೂರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಐವತ್ತೊಂಬತ್ತು ಅಂದೆ. ಭಾವ ಕುರ್ಚಿಯಿಂದ ಎದ್ದರು.

"ಒಂದೇ ಒಂದು ಮಾರ್ಕು! ಅಷ್ಟು ಗ್ರೇಸ್ ಕೊಡೋಕಾಗಲ್ವೇನೋ ನಿನಗೆ?"

"ಕೊಟ್ಟವನಲ್ಲ ಭಾವ. ಅಳತೆ ಕಮ್ಮಿ ಅಂದ್ರೆ ಕಮ್ಮಿ."

ಕಾರಣ ಕೇಳಿದರು, ಹೇಳಿದೆ. ಸೀಮೆಯ ಮಾನ ಕಳೆಯುವ ಹಾಗೆ ಒಂದೊಂದನ್ನೇ ಹೇಳಿದೆ. ಹಳ್ಳಿಗೆಲ್ಲ ಒಂದೇ ಏಣಿ, ಅದೂ ಒಡೆಯನ ಮನೆಯಲ್ಲಿ ಇರುವುದಿಲ್ಲ ಎಂದೆ. ಮೊದಲ ವಾರ ಯಾರ ಮನೆಯಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು, ಹೊತ್ತು ತರುವಾಗ ಯಾರು ಯಾರು ಏನೇನು ಕೇಳಿದರು, ಪಿನ್ನು, ಕೊಪ್ಪರಿಗೆ, ಡ್ರಿಲ್ಲು, ತೊಟ್ಟಿ, ಎಲ್ಲ. ಹತ್ತು ನಿಮಿಷದ ವರದಿ ಎಂದು ಶುರು ಮಾಡಿದ್ದು ಒಂದೂವರೆ ಗಂಟೆ ಆಯಿತಂತೆ. ನನಗೆ ತಿಳಿಯಲಿಲ್ಲ. ಯಾವಾಗಲೋ ಮಿಷನ್ನು ನಿಂತಿತ್ತು.

ಸಂಘದವರು ಬೆಚ್ಚಿಬಿದ್ದಿದ್ದರು. "ಒಂದೇ ಏಣಿಯಾ?" "ಬೀಗ ಇಲ್ವಾ?" "ಅಕಸ್ಮಾತ್ ಏನಾದ್ರೂ ಆದ್ರೆ?" ನಾನು ಆದದ್ದನ್ನೇ ಹೇಳಿದ್ದು, ಆದರೆ ಅವರು ಮತ್ತೆ ಮತ್ತೆ ಅದನ್ನೇ ಕೇಳಿದರು. ಸೀಮೆಯನ್ನು ಕೈಬಿಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮನೆ ಮಾರುವುದೂ ನಿಂತಿತು.

ಅಕ್ಕ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಚಹಾ ತಂದಿಟ್ಟು, "ಆ ಏಣಿ ಈಗ ಯಾರ ಮನೇಲಿದೆ?" ಅಂದಳು.

"ನಾನು ಹೊರಡೋವಾಗ ನರ್ಸು ಕೇಳ್ತಿದ್ಲು."

"ಹೂಂ" ಅಂದು ಎದುರು ಮನೆಯ ಬಾಗಿಲಿನ ಕಡೆ ನೋಡುತ್ತ ನಿಂತಳು.

ಅಕ್ಟೋಬರ್ 5, ಸೋಮವಾರ

ನಿನ್ನೆ ನನ್ನ ವರದಿ ಕೇಳಿದವರೆಲ್ಲ ಇವತ್ತು ಬೆಳಿಗ್ಗೆ ಏನು ಮಾಡಿದರು ಎಂದು ಬರೆದು ಈ ಲೆಕ್ಕ ಮುಗಿಸುತ್ತೇನೆ.

ಒಂಬತ್ತು ಗಂಟೆಗೆ ಅಂಗಡಿಯ ವ್ಯಾನು ಬಂತು. ಸಂಘದವರು ನಿನ್ನೆಯೇ ಫೋನು ಮಾಡಿದ್ದರಂತೆ. ಹನ್ನೊಂದು ಅಲ್ಯುಮಿನಿಯಂ ಏಣಿ, ಮನೆಗೊಂದು. ಜೊತೆಗೆ ಹನ್ನೊಂದು ಸರಪಳಿ, ಹನ್ನೊಂದು ಬೀಗ. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಏಣಿಯನ್ನು ತಾವೇ ಹೊತ್ತು ಮೆಟ್ಟಿಲು ಹತ್ತಿದರು. ಒಬ್ಬರ ಏಣಿಗೆ ಇನ್ನೊಬ್ಬರು ಕೈ ಹಾಕಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ನಾಲ್ಕು ಏಣಿ ಒಂದಕ್ಕೊಂದು ಸಿಕ್ಕಿಕೊಂಡಿವೆ. ಭಾವ ಅದರ ನಡುವೆ ನಿಂತು ವಾಚು ನೋಡಿಕೊಳ್ಳುತ್ತಿದ್ದಾರೆ.

ಅಕ್ಕ ಹತ್ತು ಗಂಟೆಗೆ ರವಿಕೆ ಮಡಿಸಿಟ್ಟು ಎದುರು ಮನೆಯ ಬಾಗಿಲು ತಟ್ಟಿದಳು. ನಾನು ಇಲ್ಲಿಂದಲೇ ಕೇಳಿಸಿಕೊಂಡೆ.

"ನನ್ನ ಕತ್ತರಿ ನಿಮ್ಮಲ್ಲಿದೆಯಂತಲ್ಲ. ತಗೊಂಡು ಹೋಗೋಕೆ ಬಂದೆ."

ಆಚೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಅಯ್ಯೋ, ಅದು ನನ್ನ ಹತ್ರ ಎಲ್ಲಿದೆ? ನೀವು ಕೇಳಲೇ ಇಲ್ಲ, ಮಾತೂ ಬಿಟ್ರಿ. ಮೂರು ವರ್ಷ ಆಯ್ತು, ಕೆಳಗಿನ ಮನೆಯವರು ಮಗಳ ಮದುವೆಗೆ ಬೇಕು ಅಂತ ತಗೊಂಡು ಹೋದ್ರು. ಒಳಗೆ ಬನ್ನಿ ಮೊದಲು."

ಅಕ್ಕ ಒಳಗೆ ಹೋದಳು. ಅರ್ಧ ಗಂಟೆಯ ಮೇಲೆ ಇಬ್ಬರೂ ಚಪ್ಪಲಿ ಮೆಟ್ಟಿ ಹೊರಬಂದು, ಸೆರಗು ಸಿಕ್ಕಿಸಿಕೊಂಡು, ಏಣಿಗಳ ಕೆಳಗೆ ತಲೆ ಬಗ್ಗಿಸಿ ಕೆಳಗಿನ ಮಹಡಿಗೆ ಇಳಿದರು. ಕತ್ತರಿ ಅಲ್ಲಿಯೂ ಇರಲಿಲ್ಲವೆಂದು ಕಾಣುತ್ತದೆ. ಮೂವರ ಮಾತು ಅದಕ್ಕೂ ಕೆಳಗಿನಿಂದ ಕೇಳುತ್ತಿದೆ.

ಈಗ ಒಂದೂವರೆ. ಅನ್ನಕ್ಕೆ ನಾನೇ ಇಟ್ಟಿದ್ದೇನೆ. ಒಂದು ಕತ್ತರಿ ತರಲು ಇಷ್ಟು ಹೊತ್ತೇ?